ಪಕ್ಕದ ಸಾಲು

ಕೌದಿಗೆ ನೆಲ ಬೇಕು. ಹೆಣಿಗೆಯಾದರೆ ಮಡಿಲಲ್ಲಿ ಸಾಗುತ್ತದೆ, ಕಸೂತಿಯಾದರೆ ಕಿಟಕಿಯ ಬೆಳಕಿಗೆ ಕೂತು ಒಬ್ಬರೇ ಹಾಕಬಹುದು. ಹಳೆಯ ಬಟ್ಟೆಗಳನ್ನು ಪದರ ಪದರವಾಗಿ ಕೂಡಿಸಿ ಹೊಲಿಯುವ ಈ ಹೊದಿಕೆ ಮಾತ್ರ ಒಬ್ಬರ ತೋಳಿಗೆ ನಿಲುಕುವುದಿಲ್ಲ. ಪಡಸಾಲೆ ತುಂಬ ಹಾಸಿ, ಅದರ ಮೇಲೆಯೇ ಕೂತು, ಅಂಚು ಹಿಡಿದು ಸರಿಯುತ್ತ ಸರಿಯುತ್ತ ಹೊಲಿಯಬೇಕು. ಈ ಮೂಲೆಯಲ್ಲಿ ಕೂತವರಿಗೆ ಆ ಮೂಲೆಯನ್ನು ಜಗ್ಗಿ ಹಿಡಿಯಲು ಇನ್ನೊಬ್ಬರು ಬೇಕು. ಧಾರವಾಡ, ಬಾಗಲಕೋಟೆ, ವಿಜಯಪುರದ ಕಡೆ ಸುಗ್ಗಿ ಮುಗಿದ ಬೇಸಿಗೆಯಲ್ಲಿ ಯಾರದಾದರೂ ಮನೆಯಲ್ಲಿ ಕೌದಿ ಹಾಸಿದ್ದಾರೆಂದರೆ, ಓಣಿಯ ಹೆಂಗಸರು ಮಧ್ಯಾಹ್ನದ ಊಟ ಮುಗಿಸಿ ಒಬ್ಬೊಬ್ಬರಾಗಿ ಬಂದು ಕೂರುತ್ತಾರೆ. ಕರೆಯಬೇಕಾಗಿಲ್ಲ. ಕೆಲವರು ಸೂಜಿಯನ್ನೂ ತಾವೇ ತಂದಿರುತ್ತಾರೆ.

ಈ ಕಸುಬಿನ ಬಗ್ಗೆ ಯೋಚಿಸುವಾಗಲೆಲ್ಲ ಮೊದಲು ನನ್ನ ಮನಸ್ಸಿಗೆ ಬರುವುದು ಅದರ ಈ ಗುಣ. ಕೌದಿ ತನ್ನ ಗಾತ್ರದಿಂದಲೇ ಮಂದಿಯನ್ನು ಕೂಡಿಸುತ್ತದೆ. ಒಳ್ಳೆಯ ಕೆಲಸವೆಲ್ಲ ಏಕಾಂತದಲ್ಲಿ ಹುಟ್ಟುತ್ತದೆ ಎಂದು ನಂಬಿ ಬೆಳೆದವಳು ನಾನು. ಕೌದಿಯ ಅಂಚಿನಲ್ಲಿ ಕೂತು ಕೂತೇ ಆ ನಂಬಿಕೆ ಸಡಿಲವಾಯಿತು. ನಾಲ್ಕು ಜನ ಮಾತಾಡುತ್ತ, ನಡುನಡುವೆ ಎದ್ದು ಹೋಗಿ ಕೂಸಿಗೆ ಹಾಲು ಕೊಟ್ಟು ಬರುತ್ತ, ಚಹಾ ಕುಡಿಯುತ್ತ ಮಾಡಿದ ಕೆಲಸವೂ ಚೆಲುವಾಗಬಲ್ಲದು, ಗಟ್ಟಿಯಾಗಬಲ್ಲದು.

ಕೌದಿಯ ಕೆಲಸ ಬಿಚ್ಚುವುದರಿಂದ ಶುರುವಾಗುತ್ತದೆ. ಹಳೆಯ ಅಂಗಿಯ ಕಾಲರು, ತೋಳಿನ ಪಟ್ಟಿ ಕಿತ್ತು ತೆಗೆಯಬೇಕು. ಗುಂಡಿಗಳು ಡಬ್ಬಿಗೆ ಹೋಗುತ್ತವೆ. ಕುಬುಸದ ಹುಕ್ಕು ಬಿಡಿಸಬೇಕು, ಸೀರೆಗೆ ಹಚ್ಚಿದ ಫಾಲು ಬಿಚ್ಚಬೇಕು, ಪರಕಾರದ ನೆರಿಗೆ ಬಿಡಿಸಿ ಚಪ್ಪಟೆ ಮಾಡಬೇಕು. ಇದೆಲ್ಲ ಮುದುಕಿಯರ, ಮಕ್ಕಳ ಪಾಲಿನ ಕೆಲಸ. ಬಟ್ಟೆ ಬಿಚ್ಚುತ್ತ ಹೋದಂತೆ ಅದನ್ನು ಉಟ್ಟವರ ಸುದ್ದಿ ತಾನಾಗಿ ಬರುತ್ತದೆ. ಇದು ಸಣ್ಣಾಕಿ ಶಾಲೆಗೆ ಹೋಗುವಾಗಿನ ಲಂಗ, ಇದು ಮಾವನವರು ಹುಬ್ಬಳ್ಳಿಯಿಂದ ತಂದ ಧೋತ್ರ, ಇದು ಸೀಮಂತದಾಗ ಉಟ್ಟಿದ್ದು. ಬರೆದಿಡದ ಎಷ್ಟೋ ಮನೆಗಳ ಚರಿತ್ರೆ ಹೀಗೆ ಬಿಚ್ಚುವ ಹೊತ್ತಿನಲ್ಲಿ ಒಬ್ಬರ ಬಾಯಿಂದ ಇನ್ನೊಬ್ಬರ ಕಿವಿಗೆ ದಾಟಿದೆ.

ಹಳೆಯ ಬಟ್ಟೆಯನ್ನೇ ಆರಿಸುವುದಕ್ಕೆ ಬಡತನವೊಂದೇ ಕಾರಣವಲ್ಲ. ಹೊಸ ಹತ್ತಿ ಬಟ್ಟೆಯಲ್ಲಿ ಗಂಜಿ ಇರುತ್ತದೆ, ಸೂಜಿ ಇಳಿಯುವುದಿಲ್ಲ. ಮೊದಲ ಒಗೆತಕ್ಕೇ ಅದು ಕುಗ್ಗಿ ಹೊಲಿಗೆಯನ್ನು ಎಳೆಯುತ್ತದೆ, ಬಣ್ಣ ಬಿಟ್ಟು ಪಕ್ಕದ ತುಂಡನ್ನು ಕೆಡಿಸುತ್ತದೆ. ವರ್ಷಗಟ್ಟಲೆ ಉಟ್ಟು ಒಗೆದ ಬಟ್ಟೆ ಕುಗ್ಗುವಷ್ಟು ಕುಗ್ಗಿರುತ್ತದೆ, ಬಿಡುವಷ್ಟು ಬಣ್ಣ ಬಿಟ್ಟಿರುತ್ತದೆ. ಅದರ ನೂಲು ಮೆದುವಾಗಿ ಮೈಗೆ ಒಗ್ಗುತ್ತದೆ. ಹಸುಗೂಸಿಗೆ ಹಾಸಲು ಅಜ್ಜಿಯ ಹಳೆಯ ಸೀರೆಗಿಂತ ಹಿತವಾದ ಬಟ್ಟೆ ಇಲ್ಲ ಎಂದು ನಮ್ಮ ಕಡೆ ಈಗಲೂ ನಂಬುತ್ತಾರೆ. ಮುಟ್ಟಿ ನೋಡಿದ ಯಾರಿಗೂ ಅದು ಸುಳ್ಳೆನಿಸಲಾರದು.

ಸಾರಿಸಿದ ನೆಲದ ಮೇಲೆ ಮೊದಲು ತಳದ ಬಟ್ಟೆ ಹಾಸುತ್ತಾರೆ. ಅಗಲವಾದ ಧೋತ್ರವೋ ಇಳಕಲ್ ಸೀರೆಯೋ ಆದರೆ ಒಳ್ಳೆಯದು. ಸುಕ್ಕು ಬರದಂತೆ ನಾಲ್ಕೂ ಕಡೆ ಜಗ್ಗಿ ಅಂಚಿಗೆ ಕಲ್ಲು ಹೇರುತ್ತಾರೆ. ಅದರ ಮೇಲೆ ಹೊಟ್ಟೆಯ ಪದರಗಳು. ತೀರ ಜೀರ್ಣವಾದ, ಹೊರಗೆ ತೋರಿಸಲಾಗದ ಬಟ್ಟೆಗಳಿಗೆ ಅಲ್ಲಿ ಜಾಗ. ಎಲ್ಲಕ್ಕೂ ಮೇಲೆ ಬಣ್ಣದ ತುಂಡುಗಳು. ಇಳಕಲ್ ಸೆರಗಿನ ಕೆಂಪು ಎಲ್ಲಿ ಬರಬೇಕು, ಗುಳೇದಗುಡ್ಡ ಖಣದ ತುಂಡು ಯಾವುದರ ಪಕ್ಕ ಒಪ್ಪುತ್ತದೆ ಎಂದು ಒಂದು ಚರ್ಚೆ ನಡೆಯುತ್ತದೆ. ಹತ್ತಿರದಿಂದ ನೋಡಿ, ಎದ್ದು ನಿಂತು ದೂರದಿಂದ ನೋಡಿ, ತುಂಡುಗಳನ್ನು ಅದಲು ಬದಲು ಮಾಡುತ್ತಾರೆ. ಆಮೇಲೆ ಸೂಜಿ. ನಾಲ್ಕೈದು ಹೊಲಿಗೆಯನ್ನು ಸೂಜಿಯ ಮೈಮೇಲೆ ಏರಿಸಿಕೊಂಡು ದಾರವನ್ನು ಒಮ್ಮೆಲೇ ಎಳೆದಾಗ, ಅಷ್ಟೂ ಪದರಗಳ ನಡುವೆ ಅದು ಸರ್ರೆಂದು ಸರಿಯುವ ಸದ್ದು ಕೇಳುತ್ತದೆ. ಎಡಗೈ ಬಟ್ಟೆಯ ಕೆಳಗೆ ಇರುತ್ತದೆ. ಸೂಜಿಯ ಮೊನೆ ತಳ ಮುಟ್ಟಿತೋ ಇಲ್ಲವೋ ಎಂದು ಹೇಳಬೇಕಾದದ್ದು ಆ ಕೈಯ ಬೆರಳು. ಕಣ್ಣಿಗೆ ಕಾಣದ ಕಡೆ ಬೆರಳೇ ಕಣ್ಣು.

ಕಸುಬು ದಾಟುವ ಬಗೆಯನ್ನು ನಾನು ಇಂಥ ಒಂದು ಮಧ್ಯಾಹ್ನ ನಮ್ಮ ದೊಡ್ಡವ್ವನ ಮನೆಯಲ್ಲಿ ಕಣ್ಣಾರೆ ಕಂಡೆ. ಪಕ್ಕದ ಮನೆಯ ಹುಡುಗಿಯೊಬ್ಬಳು ತಾನೂ ಹೊಲಿಯುತ್ತೇನೆಂದು ಹಟ ಹಿಡಿದಳು. ದೊಡ್ಡವ್ವ ಸೂಜಿಗೆ ದಾರ ಪೋಣಿಸಿ ಕೊಟ್ಟು, ತನ್ನ ಪಕ್ಕದಲ್ಲೇ ಒಂದಿಷ್ಟು ಅಂಚು ಬಿಟ್ಟುಕೊಟ್ಟಳು. ಹೇಗೆ ಹೊಲಿಯಬೇಕೆಂದು ಹೇಳಲಿಲ್ಲ. ಹುಡುಗಿ ದೊಡ್ಡವ್ವನ ಕೈ ನೋಡುತ್ತ, ತನ್ನ ಕೈ ನೋಡುತ್ತ ಹೊಲಿದಳು. ಒಂದು ಹೊಲಿಗೆ ಜೋಳದ ಕಾಳಿನಷ್ಟಾದರೆ ಇನ್ನೊಂದು ಬೆರಳುದ್ದ. ಸಾಲು ಸೊಟ್ಟಗಾಗಿ ಹೋಗಿ ದೊಡ್ಡವ್ವನ ಸಾಲಿಗೆ ಬಂದು ಮುಟ್ಟಿತು. ಎದುರಿಗೆ ಕೂತಿದ್ದ ಹುಡುಗಿಯ ತಾಯಿಗೆ ನಾಚಿಕೆಯಾಯಿತು. “ತಡೀರಿ ಅಮ್ಮಾ, ನಾ ಬಿಚ್ಚಿ ಸರಿ ಮಾಡ್ತೀನಿ” ಎಂದು ಕೈ ಚಾಚಿದಳು.

“ಬಿಚ್ಚಬ್ಯಾಡವಾ, ಇರ್ಲಿ ಬಿಡು,” ಅಂದಳು ದೊಡ್ಡವ್ವ. “ಅದೂ ಹಿಡಕೊಂಡಿರತೈತಿ.”

ಅಷ್ಟು ಹೇಳಿ ಆಕೆ ಮಾಡಿದ್ದು ಇಷ್ಟೇ. ಹುಡುಗಿಯ ಸೊಟ್ಟ ಸಾಲಿನ ಪಕ್ಕದಲ್ಲಿ ತಾನೊಂದು ನೆಟ್ಟನೆಯ ಸಾಲು ಹಾಕಿದಳು. ಹೊಲಿಗೆ ಉದ್ದವಾದರೆ ರಾತ್ರಿ ಕಾಲ್ಬೆರಳು ಸಿಕ್ಕಿ ದಾರ ಹರಿಯುತ್ತದೆ. ಪಕ್ಕದಲ್ಲಿ ಒತ್ತಾಗಿ ಇನ್ನೊಂದು ಸಾಲು ಬಿದ್ದರೆ ಬಟ್ಟೆ ಜಾರುವುದಿಲ್ಲ, ಹರಿದರೂ ಅಲ್ಲೊಂದು ಆಸರೆ ಇರುತ್ತದೆ. ಹುಡುಗಿ ಆ ಸಾಲನ್ನು ನೋಡುತ್ತಿದ್ದಳು. ಅವಳ ಮುಂದಿನ ಸಾಲು ಮೊದಲಿನದಕ್ಕಿಂತ ಸಣ್ಣ ಹೊಲಿಗೆಯದಾಗಿತ್ತು.

ಕಲಿಸುವುದರ ಬಗ್ಗೆ ಇದಕ್ಕಿಂತ ದೊಡ್ಡ ಪಾಠ ನನಗೆ ಎಲ್ಲೂ ಸಿಕ್ಕಿಲ್ಲ. ಬಲ್ಲವರಿಗೆ ತಿದ್ದುವ ಆತುರ ಸಹಜ. ತಿದ್ದುವ ಕೈ ಒಮ್ಮೊಮ್ಮೆ ಕಲಿಯುವವರ ಕೆಲಸವನ್ನೇ ಅಳಿಸಿಬಿಡುತ್ತದೆ. ಸಾಲೇನೋ ನೆಟ್ಟಗಾಗುತ್ತದೆ, ಆದರೆ ಅದು ಆ ಮಗುವಿನದಾಗಿ ಉಳಿಯುವುದಿಲ್ಲ. ದೊಡ್ಡವ್ವ ಹಾಗೆ ಮಾಡಲಿಲ್ಲ. ಹುಡುಗಿಯ ಹೊಲಿಗೆಯನ್ನು ಅದರ ಜಾಗದಲ್ಲಿ ಇರಗೊಟ್ಟು, ಒಳ್ಳೆಯ ಹೊಲಿಗೆ ಹೇಗಿರುತ್ತದೆ ಎಂಬುದನ್ನು ಪಕ್ಕದಲ್ಲೇ ಇಟ್ಟು ತೋರಿಸಿದಳು. ಜತೆಗೆ, ಕಲಿಯುವವರ ಕೊರತೆಯಿಂದ ಕೌದಿಗೆ ಧಕ್ಕೆಯಾಗದಂತೆಯೂ ನೋಡಿಕೊಂಡಳು. ಮೂರು ಕೆಲಸ, ಒಂದೇ ಸಾಲಿನಲ್ಲಿ.

ಅಂದಿನಿಂದ ಹಳೆಯ ಕೌದಿ ಸಿಕ್ಕರೆ ಮಗುಚಿ ಹಿಂಬದಿ ನೋಡುತ್ತೇನೆ. ಮುಂಬದಿಯಲ್ಲಿ ಬಣ್ಣ ಕಣ್ಣು ಸೆಳೆಯುತ್ತದೆ, ಹೊಲಿಗೆಯ ಕಡೆ ಲಕ್ಷ್ಯ ಹೋಗುವುದಿಲ್ಲ. ಹಿಂಬದಿಯಲ್ಲಿ ಇರುವುದು ಒಂದೇ ಬಟ್ಟೆ, ಅದರ ಮೇಲೆ ದಾರದ ಸಾಲುಗಳು. ಎಲ್ಲಿ ಕೈ ಬದಲಾಯಿತು ಎಂದು ಅಲ್ಲಿ ಚೆನ್ನಾಗಿ ಕಾಣುತ್ತದೆ. ಒಂದು ಕೈ ಒತ್ತಾಗಿ ಹೊಲಿದಿದೆ, ಒಂದು ಕೈ ಅವಸರದಲ್ಲಿದೆ, ಒಂದು ಕೈಗೆ ವಯಸ್ಸಾಗಿ ಕಣ್ಣು ಮಂಜಾಗಿದೆ. ಎಲ್ಲವೂ ಒಂದರ ಪಕ್ಕ ಒಂದು ಕೂತು ಅದೇ ಕೌದಿಯನ್ನು ಹಿಡಿದುಕೊಂಡಿವೆ.

ಕೌದಿ ನಮ್ಮ ಕಡೆಯದೊಂದೇ ಅಲ್ಲ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಾಡಂಚಿನ ಊರುಗಳಲ್ಲಿ ಸಿದ್ದಿ ಜನರ ಮನೆಗಳಿವೆ. ಪೋರ್ಚುಗೀಸರು ಮತ್ತು ಅರಬ್ ವ್ಯಾಪಾರಿಗಳು ಆಫ್ರಿಕಾದಿಂದ ಪಶ್ಚಿಮ ಕರಾವಳಿಗೆ ತಂದ ಜನರ ಸಂತತಿ ಇವರು. ಗೋವೆಯ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರು ಇವರ ಹಿರಿಯರಲ್ಲಿ ಹಲವರು. 2003ರಲ್ಲಿ ಇವರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆಯಿತು. ಇವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಮೂರೂ ಮತದ ಹೆಂಗಸರು ಕೌದಿ ಹೊಲಿಯುತ್ತಾರೆ, ಕವಂದಿ ಎಂದು ಅದನ್ನು ಕರೆಯುತ್ತಾರೆ. ಒಂದು ಮೂಲೆಯಿಂದ ಶುರು ಮಾಡಿ ಅಂಚಿನ ಗುಂಟ ಸುತ್ತು ಬರುತ್ತ ಬರುತ್ತ, ಸುತ್ತು ಚಿಕ್ಕದಾಗುತ್ತ ನಡುವಿಗೆ ಬಂದು ಮುಗಿಸುವುದು ಅವರ ಕ್ರಮ. ಬಟ್ಟೆಯ ತುಂಡುಗಳನ್ನೂ ಹಾಗೆ ಸುತ್ತುತ್ತಲೇ ಸೇರಿಸುತ್ತ ಹೋಗುತ್ತಾರೆ. ಮುಂಚೆ ಗೆರೆ ಎಳೆದುಕೊಳ್ಳುವುದಿಲ್ಲ. ಕೊನೆಗೆ ನಾಲ್ಕೂ ಮೂಲೆಗೆ ಬಣ್ಣ ಬಣ್ಣದ ತುಂಡುಗಳನ್ನು ತ್ರಿಕೋನವಾಗಿ ಮಡಿಚಿ, ಒಂದರ ಮೇಲೊಂದಿಟ್ಟು ಹೊಲಿಯುತ್ತಾರೆ. ಅದು ಹೂವು, ಅವರ ಮಾತಿನಲ್ಲಿ ಫುಲ. ಆ ಹೂವಿಲ್ಲದ ಕವಂದಿ ಅವರ ಕಣ್ಣಿಗೆ ಬತ್ತಲೆಯಾಗಿ ಕಾಣುತ್ತದೆ.

ಹೊದೆಯಲು ಹೂವು ಬೇಕಾಗಿಲ್ಲ, ಚಳಿ ತಡೆಯುವುದು ಪದರಗಳು. ಆದರೂ ದಿನವಿಡೀ ಹೊಲ, ಕಾಡು, ಮನೆ ಎಂದು ದುಡಿದ ಕೈಗಳು ಮಳೆಗಾಲ ಹಿಡಿಯುವ ಮುನ್ನ ಬಿಡುವು ಮಾಡಿಕೊಂಡು ಮೂಲೆಗೊಂದು ಹೂ ಇಡುತ್ತವೆ. ಬೇಕಾದಷ್ಟು ಮಾತ್ರ ಮಾಡಿ ನಿಲ್ಲಿಸದೆ, ಮೇಲೊಂದು ಹಿಡಿ ಚೆಲುವು ಸೇರಿಸುವ ಈ ಮನಸ್ಸು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಕ್ರೈಸ್ತ ಸಿದ್ದಿಯರ ಕೌದಿಯಲ್ಲಿ ಶಿಲುಬೆ, ಮುಸ್ಲಿಂ ಸಿದ್ದಿಯರದರಲ್ಲಿ ಅರ್ಧಚಂದ್ರ ಕಾಣಸಿಗುವುದುಂಟು. ಮೂಲೆಯ ಹೂವು ಮಾತ್ರ ಎಲ್ಲರದೂ. ಆಫ್ರಿಕಾದ ಕಲೆ ಹರಡಿದ ದಾರಿಗಳನ್ನು ಹುಡುಕುತ್ತ ಬಂದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಜಾನ್ ಡ್ರೂವಾಲ್ ಈ ಕೌದಿಗಳನ್ನು ಅಭ್ಯಾಸ ಮಾಡಿ, ಅಮೆರಿಕದಲ್ಲಿ ಪ್ರದರ್ಶನಕ್ಕೂ ಒಯ್ದರು.

ಅದೇ ಅಮೆರಿಕದ ಅಲಬಾಮಾ ರಾಜ್ಯದಲ್ಲಿ, ಮೂರು ಕಡೆ ನದಿ ಬಳಸಿದ ಗೀಸ್ ಬೆಂಡ್ ಎಂಬ ಊರಿದೆ. ಅಲ್ಲಿನವರೂ ಗುಲಾಮರಾಗಿ ಒಯ್ಯಲ್ಪಟ್ಟ ಆಫ್ರಿಕನ್ನರ ಮಕ್ಕಳು ಮೊಮ್ಮಕ್ಕಳು. ಹತ್ತಿಯ ಹೊಲದಲ್ಲಿ ದುಡಿದು ಮೊಣಕಾಲು ಹರಿದ ಪ್ಯಾಂಟು, ಬಿಸಿಲಿಗೆ ಬಿಳಿಚಿದ ಅಂಗಿ, ಇವೇ ಅಲ್ಲಿನ ಕೌದಿಗಳ ಬಟ್ಟೆ. ಆ ಹೆಂಗಸರ ಒಂದು ಪದ್ಧತಿ ನನ್ನನ್ನು ಬಹಳ ಯೋಚನೆಗೆ ಹಚ್ಚಿದೆ. ಮೇಲುಹೊದಿಕೆಯ ತುಂಡುಗಳನ್ನು ಜೋಡಿಸುವ ಕೆಲಸವನ್ನು ಒಬ್ಬೊಬ್ಬರೂ ತಮ್ಮ ಮನೆಯಲ್ಲಿ ತಾವೇ ಮಾಡಿಕೊಳ್ಳುತ್ತಿದ್ದರು. ಬಣ್ಣ, ನಮೂನೆ ಎಲ್ಲ ಅವರವರ ಮನಸ್ಸಿಗೆ ಬಂದಂತೆ. ಪದರಗಳನ್ನು ಕೂಡಿಸಿ ಹೊಲಿಯುವ ಹೊತ್ತಿಗೆ ಮಾತ್ರ ನೆರೆಯವರೆಲ್ಲ ಒಂದು ಕಡೆ ಸೇರಿ, ಹಾಡುತ್ತ ಹೊಲಿಯುತ್ತಿದ್ದರು. ಯೋಚನೆ ಒಬ್ಬರದು, ಹೊಲಿಗೆ ಎಲ್ಲರದು. ತನ್ನತನ ಬಿಟ್ಟುಕೊಡದೆ ಕೂಡಿ ಬಾಳುವ ದಾರಿಯನ್ನು ಆ ಊರು ಕೌದಿಯಲ್ಲಿ ಕಂಡುಕೊಂಡಿತ್ತು. 2002ರಲ್ಲಿ ಹ್ಯೂಸ್ಟನ್ನಿನ ಕಲಾ ಸಂಗ್ರಹಾಲಯ ಈ ಕೌದಿಗಳನ್ನು ಗೋಡೆಗೆ ತೂಗಿ ತೋರಿಸಿತು. 2006ರಲ್ಲಿ ಅಮೆರಿಕದ ಅಂಚೆ ಇಲಾಖೆ ಅವುಗಳ ಚಿತ್ರವಿರುವ ಅಂಚೆಚೀಟಿ ಹೊರಡಿಸಿತು.

ದುಃಖವನ್ನು ಹಂಚಿಕೊಳ್ಳಲೂ ಜನ ಈ ಕಸುಬಿನ ಹತ್ತಿರವೇ ಬಂದಿದ್ದಾರೆ. ಏಡ್ಸ್‌ನಿಂದ ತೀರಿಕೊಂಡವರ ನೆನಪಿಗೆಂದು ಅಮೆರಿಕದಲ್ಲಿ ಒಂದು ಕೌದಿ ಶುರುವಾಯಿತು. ತೀರಿಕೊಂಡ ಒಬ್ಬೊಬ್ಬರಿಗೆ ಮೂರಡಿ ಅಗಲ, ಆರಡಿ ಉದ್ದದ ಒಂದು ತುಂಡು, ಒಂದು ಗೋರಿಯ ಅಳತೆ. 1987ರ ಅಕ್ಟೋಬರಿನಲ್ಲಿ ವಾಷಿಂಗ್ಟನ್ನಿನ ಬಯಲಲ್ಲಿ ಅದನ್ನು ಮೊದಲ ಸಲ ಹಾಸಿದಾಗ 1,920 ತುಂಡುಗಳಿದ್ದವು. ಜೀವಮಾನದಲ್ಲಿ ಸೂಜಿ ಹಿಡಿಯದವರೂ ತಮ್ಮವರಿಗಾಗಿ ಹೊಲಿಯಲು ಕೂತರು. ಆ ರೋಗದ ಹೆಸರೆತ್ತಲೂ ಜನ ಹೆದರುತ್ತಿದ್ದ ಕಾಲದಲ್ಲಿ, ಸತ್ತವರ ಹೆಸರನ್ನು ಬಟ್ಟೆಯ ಮೇಲೆ ಬರೆದು ಬಯಲಿಗೆ ತಂದವರು ಅವರು.

ನಮ್ಮ ಮನೆಗಳಲ್ಲಿ ಇದು ಇಷ್ಟು ಬಹಿರಂಗವಾಗಿ ನಡೆಯುವುದಿಲ್ಲ. ಅವ್ವ ತೀರಿಕೊಂಡ ಮೇಲೆ ಅವಳ ಸೀರೆಗಳನ್ನು ಹೆಣ್ಣುಮಕ್ಕಳು ಹಂಚಿಕೊಳ್ಳುತ್ತಾರೆ. ಉಡಲಾಗದಷ್ಟು ಹಳೆಯದಾದದ್ದು ಕೌದಿ ಸೇರುತ್ತದೆ. ಮಗಳು ಬಾಣಂತನ ಮುಗಿಸಿ ಗಂಡನ ಮನೆಗೆ ಹೊರಟಾಗ ತೊಟ್ಟಿಲ ಕೌದಿ ಜತೆಗೆ ಹೋಗುತ್ತದೆ. ಕೌದಿಯ ಕಡೆಯ ಮೂಲೆ ಮುಚ್ಚುವ ಮುನ್ನ ನಾಲ್ಕು ಅಕ್ಕಿಕಾಳನ್ನೋ ರೊಟ್ಟಿಯ ಚೂರನ್ನೋ ಒಳಗಿಟ್ಟು ಹೊಲಿಯುವ ಪದ್ಧತಿ ಕೆಲವು ಕಡೆ ಇದೆ. ಕೌದಿಯ ಹೊಟ್ಟೆ ಖಾಲಿ ಇರಬಾರದಂತೆ. ಮೈ ಬೆಚ್ಚಗಿಡುವ ವಸ್ತುವಿಗೂ ಉಣಿಸಿ ಕಳಿಸುವ ಈ ಪ್ರೀತಿಯನ್ನು ಯಾವ ಶಾಸ್ತ್ರ ವಿಧಿಸಿತೋ ತಿಳಿಯದು, ಮನುಷ್ಯರು ಮಾಡಿದ ಒಳ್ಳೆಯ ಶಾಸ್ತ್ರಗಳಲ್ಲಿ ಅದೂ ಒಂದು.

ಕೌದಿ ಒಗೆಯುವುದಕ್ಕೂ ಇಬ್ಬರು ಬೇಕು. ಮಹಾನವಮಿಯ ಮುಂಚೆ ಹಾಸಿಗೆ ಹೊದಿಕೆಗಳನ್ನೆಲ್ಲ ಹಳ್ಳಕ್ಕೆ ಒಯ್ದು ಒಗೆಯುವ ರೂಢಿ ನಮ್ಮಲ್ಲಿ ಇತ್ತು, ಕೆಲವು ಊರುಗಳಲ್ಲಿ ಈಗಲೂ ಇದೆ. ನೀರು ಕುಡಿದ ಕೌದಿಯನ್ನು ಒಬ್ಬರು ಎತ್ತಲಾರರು. ಈ ತುದಿ ಒಬ್ಬರು, ಆ ತುದಿ ಒಬ್ಬರು ಹಿಡಿದು ಎದುರುಬದರು ತಿರುವಿ ಹಿಂಡಬೇಕು. ಅತ್ತೆಗೂ ಸೊಸೆಗೂ ಮಾತು ಬಿಟ್ಟಿದ್ದರೂ ಆ ದಿನ ಕೌದಿಯ ಎರಡು ತುದಿ ಹಿಡಿಯಲೇಬೇಕು.

ಈಗ ಕಾಲ ಬೇರೆ. ಸೋಲಾಪುರದ ಚಾದರ ಮನೆ ಮನೆಗೆ ಬಂದು ಬಹಳ ವರ್ಷವಾಯಿತು, ಅದರ ಹಿಂದೆಯೇ ಮಿಲ್ಲಿನ ಮೆತ್ತನೆಯ ಬ್ಲಾಂಕೆಟ್ಟುಗಳೂ ಬಂದವು. ಉಡುವ ಸೀರೆ ಪಾಲಿಯೆಸ್ಟರ್ ಆಯಿತು. ಅದು ಹರಿಯುವುದಿಲ್ಲ, ಬೆವರು ಹೀರುವುದಿಲ್ಲ, ಸೂಜಿಯ ಕೆಳಗೆ ಜಾರುತ್ತದೆ. ಕೌದಿ ಹಾಸುವಷ್ಟು ಪಡಸಾಲೆ ನಗರದ ಫ್ಲಾಟಿನಲ್ಲಿಲ್ಲ. ಆದರೂ ಕಲಿಯಬೇಕೆನ್ನುವವರು ಇಲ್ಲವಾಗಿಲ್ಲ. ಬೆಂಗಳೂರಿನಲ್ಲಿ ಕೆಲಸ ಮಾಡುವ ನನ್ನ ತಂಗಿಯ ಮಗಳು ಸೋಫಾ ಸರಿಸಿ ಹಾಲಿನಲ್ಲಿ ಜಾಗ ಮಾಡಿಕೊಂಡಿದ್ದಾಳೆ. ಭಾನುವಾರಗಳಂದು ಅವಳ ಗೆಳತಿಯರು ಬರುತ್ತಾರೆ. ಅವರಲ್ಲಿ ಒಬ್ಬಳು ಕೇರಳದವಳು, ಒಬ್ಬಳು ಬಂಗಾಳದವಳು. ತನ್ನ ಅಜ್ಜಿ ಹಳೆಯ ಸೀರೆಗಳನ್ನು ಹೀಗೆಯೇ ಪದರ ಮಾಡಿ ಕಾಂಥಾ ಹೊಲಿಯುತ್ತಿದ್ದಳು ಎಂದು ಬಂಗಾಳದ ಹುಡುಗಿ ಮೊದಲ ದಿನವೇ ಹೇಳಿದಳಂತೆ. ಅದೇ ಹೊಲಿಗೆಯಲ್ಲಿ ಅವಳು ಮೀನಿನ ಚಿತ್ರ ಹಾಕುತ್ತಾಳೆ. ಧಾರವಾಡದ ಸಾಲಿನ ಪಕ್ಕ ಬಂಗಾಳದ ಮೀನು. ಕಸುಬನ್ನು ಹಂಚಿಕೊಂಡಾಗ ಹೀಗೂ ಆಗುತ್ತದೆ, ಕೊಟ್ಟವರಿಗೆ ಕೊಟ್ಟದ್ದಕ್ಕಿಂತ ಬೇರೆಯದೊಂದು ತಿರುಗಿ ಬರುತ್ತದೆ.

ಹಂಚಿಕೊಳ್ಳುವ ಮಾತು ಆಡುವಾಗ ಇನ್ನೊಂದನ್ನು ಮರೆಯಬಾರದು. “ಕೌದಿ ಹೊಲಸ್ತೀರೇನ್ರೆವ್ವಾ” ಎಂದು ಕೂಗುತ್ತ ಓಣಿ ಓಣಿ ತಿರುಗುವ ಹೆಣ್ಣುಮಕ್ಕಳಿಗೆ ಇದು ಹೊಟ್ಟೆಪಾಡು. ಜೋಳ, ಹಳೆಯ ಬಟ್ಟೆ, ಒಂದಿಷ್ಟು ರೊಕ್ಕಕ್ಕೆ ಅವರು ಕಟ್ಟೆಯ ಮೇಲೆ ದಿನಗಟ್ಟಲೆ ಬಗ್ಗಿ ಹೊಲಿದಿದ್ದಾರೆ. ಈಗ ಪೇಟೆಯಲ್ಲಿ ಕೌದಿಗೆ ಬೆಲೆ ಬಂದಿದೆ, ಒಳ್ಳೆಯದೇ. ಆ ಬೆಲೆಯಲ್ಲಿ ಅವರ ಬೆನ್ನಿನ, ಬೆರಳಿನ ಪಾಲು ಎಷ್ಟೆಂದು ಕೊಳ್ಳುವವರು ಕೇಳಬೇಕು. ಎಲ್ಲ ಹೊಲಿಗೆ ಒಂದೇ ಅಳತೆ, ಎಲ್ಲ ಕೌದಿ ಒಂದೇ ನಮೂನೆ ಇರಬೇಕೆಂದು ಕೊಳ್ಳುವವರು ಹಟ ಹಿಡಿದರೆ, ಕಲಿಯುವವರಿಗೆ ಅಲ್ಲಿ ಜಾಗವಿರುವುದಿಲ್ಲ. ಬಲ್ಲ ಕೈಗಳು ಮಾತ್ರ ಹೊಲಿಯುತ್ತವೆ, ಆ ಕೈಗಳಿಗೆ ವಯಸ್ಸಾಗುತ್ತದೆ, ಕಸುಬು ಅಲ್ಲಿಗೆ ನಿಲ್ಲುತ್ತದೆ. ಏರುಪೇರಿನ ಹೊಲಿಗೆಗೂ ಕೌದಿಯಲ್ಲಿ ಎಡೆ ಇತ್ತೆಂದೇ ಅದು ತಾಯಿಯಿಂದ ಮಗಳಿಗೆ, ಮಗಳಿಂದ ನೆರೆಮನೆಯವಳಿಗೆ ದಾಟುತ್ತ ಬಂತು.

ಹಾಗಾಗಿ ನಿಮ್ಮ ಟ್ರಂಕಿನಲ್ಲಿ ಹಳೆಯ ಹತ್ತಿ ಸೀರೆ, ಲುಂಗಿ, ಅಂಗಿಗಳಿದ್ದರೆ ಎಸೆಯಬೇಡಿ. ಒಗೆದು ಒಣಗಿಸಿ, ಹೊಲಿಗೆ ಬಿಚ್ಚಿಡಿ. ಪೂರ್ತಿ ಕೌದಿಗೆ ಸಾಲದಿದ್ದರೆ ಕೂಸಿನ ಅಳತೆಯದು ಮಾಡಿ. ಬಲ್ಲ ಹಿರಿಯರೊಬ್ಬರನ್ನು ಕರೆಯಿರಿ, ಬಾರದ ಕಿರಿಯರೊಬ್ಬರನ್ನೂ ಕರೆಯಿರಿ. ಅವರು ಹಾಕಿದ ಸಾಲು ಸೊಟ್ಟಗಾದರೆ ಬಿಚ್ಚಬೇಡಿ, ಪಕ್ಕದಲ್ಲಿ ನಿಮ್ಮದೊಂದು ಸಾಲು ಹಾಕಿ. ಕೌದಿ ಮುಗಿಯುವ ಹೊತ್ತಿಗೆ ಊರಿನಲ್ಲಿ ಕೌದಿ ಹೊಲಿಯಬಲ್ಲವರು ಒಬ್ಬರಾದರೂ ಹೆಚ್ಚಿರುತ್ತಾರೆ. ಇಷ್ಟು ಕಾಲ ಈ ಕಸುಬು ಉಳಿದು ಬಂದಿರುವುದು ಅಷ್ಟರಿಂದಲೇ.